ಕಡಲು ಇರಲಿ, ಹೊಳೆಗೆ ಬನ್ನಿ

ಪ್ರಿಯ ತಂಗಿ,

ನಿಮ್ಮ ‘ಸಾಗರಜೀವಿಗಳಿಗೆ ವರದಾನವಾದ ನೂತನ ಬಲೆಗಳು’ ಲೇಖನವನ್ನು ಎರಡು ಸಲ ಓದಿದೆ. ಈ ರೂಪದಲ್ಲಿ ಭಾನುವಾರದ ಪುರವಣಿಗೆ ತೆಗೆದುಕೊಳ್ಳಲಾರೆ. ತಲೆಬರಹದ ‘ವರದಾನ’ ನೋಡಿದಾಗಲೇ ನನಗೆ ಅನುಮಾನ ಬಂದಿತ್ತು. ಮೊದಲ ಪುಟವಿಡೀ ‘ಪರಿಸರ ಸಮತೋಲನ’ದ ಮಾತು. ಆಮೆ ಕಾಣಿಸಿಕೊಳ್ಳುವುದು ಎರಡನೆಯ ಪುಟದಲ್ಲಿ, ಬಂದ ಕೂಡಲೇ ಸತ್ತೂ ಹೋಗುತ್ತದೆ. ಹೇಗೆ ಸತ್ತಿತೆಂದು ನೀವು ಹೇಳುವುದಿಲ್ಲ.

ಕಡಲಾಮೆ ನಮ್ಮಂತೆ ಶ್ವಾಸಕೋಶದಿಂದ ಉಸಿರಾಡುವ ಪ್ರಾಣಿ. ಸಿಗಡಿಯ ಟ್ರಾಲ್ ಬಲೆಯನ್ನು ಗಂಟೆಗಟ್ಟಲೆ ನೀರಿನಡಿ ಎಳೆಯುತ್ತಾರೆ. ಒಳಗೆ ಸಿಕ್ಕ ಆಮೆ ಮೇಲೆ ಬರಲಾಗದೆ ಮುಳುಗಿ ಸಾಯುತ್ತದೆ. ನಿಮ್ಮ ಲೇಖನ ಇಲ್ಲಿಂದ ಶುರುವಾಗಬೇಕಿತ್ತು. ಬಲೆಗೆ ಬಿದ್ದ ಆಮೆಯನ್ನು ಹೊರಬಿಡುವ ‘ಟೆಡ್’ ಸಾಧನವನ್ನು ‘ಅತ್ಯಾಧುನಿಕ ತಂತ್ರಜ್ಞಾನ’ ಎಂದು ಮುಗಿಸಿದ್ದೀರಿ. ಅದು ಬಲೆಯ ಕುತ್ತಿಗೆಯಲ್ಲಿ ಓರೆಯಾಗಿ ಕೂರಿಸಿದ, ಕಿಟಕಿಯ ಸರಳಿನಂಥ ಚೌಕಟ್ಟು. ಸರಳುಗಳ ನಡುವೆ ಸುಮಾರು 10 ಸೆಂ.ಮೀ. ಅಂತರ. ಸಿಗಡಿ ತೂರಿಕೊಂಡು ಹಿಂದಿನ ಚೀಲ ಸೇರುತ್ತದೆ; ಆಮೆ ಸರಳಿಗೆ ತಾಗಿ, ಓರೆಯಲ್ಲಿ ಜಾರಿ, ಕಿಂಡಿಯಿಂದ ಹೊರಬೀಳುತ್ತದೆ. ‘ವಿಜ್ಞಾನಿಗಳು ಕಂಡುಹಿಡಿದರು’ ಎಂಬುದೂ ಪೂರ್ತಿ ಸರಿಯಲ್ಲ. ಅಮೆರಿಕದ ಜಾರ್ಜಿಯಾದ ಸಿಗಡಿ ಮೀನುಗಾರ ಸಿಂಕಿ ಬೂನ್ 1960ರ ದಶಕದಲ್ಲಿ ಇಂಥ ಸರಳು ಹಾಕಿದ್ದು ಬಲೆ ತುಂಬುತ್ತಿದ್ದ ಜೆಲ್ಲಿಮೀನುಗಳ ಕಾಟಕ್ಕೆ. ಆಮೆಗೆ ಅದು ದಾರಿಯಾದದ್ದು ಆಮೇಲೆ. ಟೆಡ್ ಬಳಸದ ದೇಶಗಳ ಸಿಗಡಿ ಬೇಡವೆಂದು ಅಮೆರಿಕ ಹಟ ಹಿಡಿದು, ಭಾರತವೂ ಸೇರಿ ನಾಲ್ಕು ದೇಶಗಳು ವಿಶ್ವ ವ್ಯಾಪಾರ ಸಂಸ್ಥೆಯ ಮೆಟ್ಟಿಲೇರಿದ್ದವು. 1998ರಲ್ಲಿ ತೀರ್ಪು ಬಂತು. ಆ ಜಗಳವನ್ನು ನೀವು ಬಿಟ್ಟೇಬಿಟ್ಟಿದ್ದೀರಿ. ಕಿಂಡಿಯಿಂದ ಆಮೆಯ ಜೊತೆ ಸಿಗಡಿಯೂ ಹೋದೀತೆಂಬ ಮೀನುಗಾರರ ಅಳುಕನ್ನೂ ಬಿಟ್ಟಿದ್ದೀರಿ.

ಇಷ್ಟಾದರೂ ಲೇಖನವನ್ನು ನಾನು ಕಸದ ಬುಟ್ಟಿಗೆ ಹಾಕಲಿಲ್ಲ. ಕಾರಣ ನಾಲ್ಕನೆಯ ಪುಟದ ಒಂದು ಸಾಲು: ‘ನಮ್ಮ ಅಪ್ಪನ ಬಲೆಯನ್ನೂ ನೀರುನಾಯಿ ಹರಿಯುತ್ತದೆ.’ ಮುಂದಿನ ಸಾಲಿನಲ್ಲೇ ನೀವು ಮತ್ತೆ ಪೆಸಿಫಿಕ್ ಸಾಗರಕ್ಕೆ ಹಾರಿದಿರಿ!

ಕಳೆದ ಬೇಸಿಗೆಯಲ್ಲಿ ತುಂಗಭದ್ರೆಯ ಕಂಪ್ಲಿ ಸೇತುವೆಯ ಹತ್ತಿರ ಒಬ್ಬರನ್ನು ನೋಡಿದ್ದೆ. ಹರಿಗೋಲನ್ನು ಓರೆಯಾಗಿ ನಿಲ್ಲಿಸಿ, ಅದರ ನೆರಳಿನಲ್ಲಿ ಕುಳಿತು, ಬಲೆಯ ಅಂಚನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಹರಿದ ಕಣ್ಣುಗಳನ್ನು ಒಂದೊಂದಾಗಿ ಕಟ್ಟುತ್ತಿದ್ದರು. ಅರ್ಧ ಗಂಟೆಯಲ್ಲಿ ಅಂಗೈಯಗಲ ಮುಗಿದಿರಲಿಲ್ಲ. ಅವರು ನಿಮ್ಮ ತಂದೆಯೇ ಇರಬಹುದು, ಯಾರಿಗೆ ಗೊತ್ತು.

ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿ.ಮೀ. ಹೊಳೆ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ನೀರುನಾಯಿಯೂ ಆಮೆಯಂತೆ ಮೇಲೆ ಬಂದೇ ಉಸಿರಾಡಬೇಕು. ಬಲೆ ಹರಿದರೆ ನಷ್ಟ ನಿಮ್ಮ ಮನೆಗೆ. ಹರಿಯದಿದ್ದರೆ ಅದರ ಪ್ರಾಣ ಹೋಗುತ್ತದೆ. ಇದನ್ನು ಬರೆಯಿರಿ, ಟೆಡ್ ಕಥೆ ನಡುವೆ ಎರಡು ಪ್ಯಾರಾ ಬರಲಿ. ನೀರುನಾಯಿಯನ್ನು ಮುದ್ದು ಮಾಡಬೇಡಿ, ಅಪ್ಪನನ್ನು ತ್ಯಾಗಮೂರ್ತಿಯಾಗಿಸಬೇಡಿ.

ಅಂದಹಾಗೆ, ಅದು ಹರಿದ ತೂತು ಎಷ್ಟು ದೊಡ್ಡದಿರುತ್ತದೆ? ಕಟ್ಟಲು ಎಷ್ಟು ದಾರ, ಎಷ್ಟು ಹೊತ್ತು ಬೇಕು? ಅಪ್ಪನನ್ನು ಕೇಳಿ. ಬೈದರೆ ಬೈಗುಳವನ್ನೂ ಬರೆದುಕೊಂಡು ಬನ್ನಿ.

ನಿಮ್ಮ,
ಪುರವಣಿ ಸಂಪಾದಕ
ಬಳ್ಳಾರಿ