ಮನೆ ರಿಪೇರಿ ಪ್ರಶ್ನೋತ್ತರ: ಶೀಟಿನ ಮಾಡು, ಸ್ಕ್ರೂ, ಸೋರಿಕೆ

ಪ್ರಶ್ನೆ: ಮನೆಯ ಹಿಂದೆ ಸೌದೆ, ಅಡಿಕೆ ಇಡಲು 20 ಅಡಿ ಉದ್ದ, 12 ಅಡಿ ಅಗಲದ ಇಳಿಮಾಡು ಮಾಡಬೇಕೆಂದಿದ್ದೇವೆ. ಅಂಗಡಿಯವರು ‘ಅರ್ಧ ಎಂ.ಎಂ. ಕಲರ್ ಶೀಟು ಹಾಕಿ’ ಎನ್ನುತ್ತಾರೆ. ಏನೇನು ತರಬೇಕು, ಎಷ್ಟು ಬೇಕು?
– ಓದುಗರು, ತೀರ್ಥಹಳ್ಳಿ

ಉತ್ತರ: ಅರ್ಧ ಎಂ.ಎಂ. ಎಂದರೆ ಯಾವುದರ ದಪ್ಪ ಎಂದು ಅಂಗಡಿಯಲ್ಲೇ ಕೇಳಿ. ಉಕ್ಕು, ಲೇಪ, ಬಣ್ಣ ಮೂರೂ ಸೇರಿ 0.50 ಮಿ.ಮೀ. ಆದರೆ ಒಳಗಿನ ಉಕ್ಕು ಸುಮಾರು 0.43 ಅಷ್ಟೇ. ಅದೂ ಸಾಕು. ಆದರೆ 0.40ರ ಶೀಟನ್ನು 0.50 ಎಂದು ಕೊಟ್ಟರೆ ಕಣ್ಣಿಗೆ ಗೊತ್ತಾಗುವುದಿಲ್ಲ, ತಕ್ಕಡಿಗೆ ಗೊತ್ತಾಗುತ್ತದೆ. 1220 ಮಿ.ಮೀ. ಅಗಲದ ಕಾಯಿಲ್‌ನಿಂದ (ತಗಡಿನ ಸುರುಳಿ) ಮಾಡಿದ 14 ಅಡಿಯ ಶೀಟು 18ರಿಂದ 19 ಕಿಲೋ ತೂಗಬೇಕು. 14–15 ಕಿಲೋ ಬಂದರೆ ಅದು 0.40ರ ಮಾಲು. ಲೇಪದಲ್ಲಿ ಗ್ಯಾಲ್ವಲ್ಯೂಮ್ ಕೇಳಿ. ಅದರಲ್ಲಿ ನೂರಕ್ಕೆ 55 ಭಾಗ ಅಲ್ಯೂಮಿನಿಯಂ, ಉಳಿದದ್ದು ಬಹುಪಾಲು ಸತು. ಚದರ ಮೀಟರಿಗೆ 150 ಗ್ರಾಂ ಲೇಪವಿದ್ದರೆ ‘ಎಝೆಡ್ 150’ ಎಂದು ಬರೆದಿರುತ್ತದೆ. ಮಲೆನಾಡಿನ ಮಳೆಗೆ ಅದಕ್ಕಿಂತ ಕಡಿಮೆ ಬೇಡ.

ವಾಟ 12 ಅಡಿಗೆ 3 ಅಡಿ ಕೊಡಿ. ಆಗ ಇಳಿಜಾರಿನ ಉದ್ದ ಸುಮಾರು 12 ಅಡಿ 4½ ಅಂಗುಲ, ಸೂರಿಗೆ ಒಂದೂವರೆ ಅಡಿ ಚಾಚು, ಒಟ್ಟು ಸುಮಾರು 14 ಅಡಿ. ಶೀಟನ್ನು ಆ ಅಳತೆಗೇ ಕತ್ತರಿಸಿ ತರಿಸಿ. ಎಂಟು ಮತ್ತು ಆರು ಅಡಿಯ ತುಂಡು ಜೋಡಿಸಿದರೆ ಸ್ವಲ್ಪ ಹಣ ಉಳಿದೀತು, ಆದರೆ ನಡುವೆ ಜೋಡು ಬಂತು, ಅದರ ಜೊತೆಗೆ ಸೋರಿಕೆಯೂ ಬಂತು. ಒಂದು ಶೀಟು ಜೋಡಿನ ನಂತರ ಮುಚ್ಚುವುದು ಒಂದು ಮೀಟರ್. ಆರು ಶೀಟು ಸರಿಯಾಗಿ 20 ಅಡಿ ಮುಟ್ಟುತ್ತದೆ. ಪಕ್ಕದ ಎರಚಲಿಗೂ ಚಾಚು ಬೇಕಾದ್ದರಿಂದ ಏಳು ತನ್ನಿ.

ಶೀಟಿನ ಕೆಳಗೆ ಆಧಾರಕ್ಕೆ 40×40 ಮಿ.ಮೀ. ಚೌಕ ಪೈಪು, ಗೋಡೆ ದಪ್ಪ 2 ಮಿ.ಮೀ. ತೆಳು ಪೈಪಿನಲ್ಲಿ ಸ್ಕ್ರೂವಿನ ಮರೆ (ತಿರುಪಿನ ಗೆರೆ) ಹಿಡಿಯುವುದಿಲ್ಲ, ಮೊದಲ ಬಿರುಗಾಳಿಗೇ ಕಿತ್ತು ಬರುತ್ತದೆ. ಆರು ಸಾಲು ಹಾಕಿ, ಸಾಲಿನಿಂದ ಸಾಲಿಗೆ ಎರಡೂಮುಕ್ಕಾಲು ಅಡಿ. ಕೊನೆಯ ಸಾಲು ಸೂರಿನ ತುದಿಯ ಹತ್ತಿರವೇ ಇರಲಿ. ಪೈಪು 6 ಮೀಟರ್ ಉದ್ದಕ್ಕೆ ಸಿಗುವುದರಿಂದ ಪಕ್ಕದ ಚಾಚಿಗೆ ತುಂಡು ಬೆಸೆಯಬೇಕಾಗುತ್ತದೆ. ಏಳು ಪೈಪಿನಲ್ಲಿ ಲೆಕ್ಕ ಬಿಗಿಯಾಗುತ್ತದೆ, ಎಂಟು ತನ್ನಿ. ಬೆಸುಗೆ ಪಕಾಸಿನ (ಪೈಪುಗಳನ್ನು ಹೊರುವ ಇಳಿಜಾರು ತೊಲೆ) ಮೇಲೇ ಬರಲಿ.

ಸ್ಕ್ರೂ ಅನ್ನು ತಗ್ಗಿಗೆ ಹೊಡೆಯಬೇಡಿ, ನೀರು ಹರಿಯುವ ಜಾಗ ಅದು. ಉಬ್ಬಿನ ಮೇಲೆ ಹೊಡೆಯಿರಿ. ಉಬ್ಬು 28–30 ಮಿ.ಮೀ. ಎತ್ತರವಿರುವುದರಿಂದ 55 ಮಿ.ಮೀ. ಉದ್ದದ, ಇಪಿಡಿಎಂ ರಬ್ಬರ್ ವಾಷರ್ ಇರುವ ಸೆಲ್ಫ್ ಡ್ರಿಲ್ಲಿಂಗ್ (ತಾನೇ ತೂತು ಕೊರೆದುಕೊಳ್ಳುವ) ಸ್ಕ್ರೂ ಬೇಕು. ಮೇಲಿನ ಮತ್ತು ಸೂರಿನ ಸಾಲಿನಲ್ಲಿ ಪ್ರತಿ ಉಬ್ಬಿಗೂ ಒಂದು, ನಡುವಿನ ಸಾಲುಗಳಲ್ಲಿ ಒಂದು ಬಿಟ್ಟು ಒಂದು. ಗಾಳಿ ಶೀಟನ್ನು ಎತ್ತುವುದು ಅಂಚು ಮತ್ತು ಮೂಲೆಗಳಿಂದ, ಅಲ್ಲಿ ಜಿಪುಣತನ ಬೇಡ. ಒಟ್ಟು ಸುಮಾರು 160 ಉದ್ದದವು, ಶೀಟಿಗೆ ಶೀಟು ಹೊಲಿಯಲು 40 ಚಿಕ್ಕವು.

ಹಾಸುವಾಗ ಗಾಳಿಯ ದಿಕ್ಕು ನೋಡಿ. ಮಳೆಗಾಳಿ ಪಡುವಣದಿಂದ ಬರುವುದಾದರೆ ಮೊದಲ ಶೀಟು ಮೂಡಣ ತುದಿಗೆ. ಆಮೇಲಿನದೆಲ್ಲ ಅದರ ಅಂಚಿನ ಮೇಲೆ ಬರುತ್ತಾ ಪಡುವಣಕ್ಕೆ ಸಾಗಲಿ. ಆಗ ಜೋಡಿನ ಬಾಯಿ ಗಾಳಿಗೆ ಬೆನ್ನು ಮಾಡಿರುತ್ತದೆ. ಶೀಟಿನ ಒಂದು ಅಂಚಿನ ಉಬ್ಬಿನಲ್ಲಿ ಸಣ್ಣ ಕಾಲುವೆಯಂಥ ಗೀರು ಇದ್ದರೆ ಆ ಅಂಚು ಅಡಿಗೆ ಬರಬೇಕು. ಒಳನುಗ್ಗಿದ ನೀರನ್ನು ಸೂರಿಗೆ ಸಾಗಿಸುವುದು ಅದೇ.

ಪ್ರಶ್ನೆ: ಇದಕ್ಕೆಲ್ಲ ಯಾವ ಡ್ರಿಲ್ ಕೊಳ್ಳಲಿ? ಮನೆಯಲ್ಲಿ ಗೋಡೆ ಕೊರೆಯುವ ಹ್ಯಾಮರ್ ಡ್ರಿಲ್ ಇದೆ.
– ಓದುಗರು, ಹಾಸನ

ಉತ್ತರ: ವೇಗ ಹೊಂದಿಸುವ ಸೌಲಭ್ಯವಿದ್ದರೆ ಅದೇ ನಡೆದೀತು, ಹ್ಯಾಮರ್ ಮೋಡ್ ಮಾತ್ರ ಆಫ್ ಮಾಡಿ. ನಿಮಿಷಕ್ಕೆ 1800–2000 ಸುತ್ತು ಸಾಕು. ಪೂರ್ತಿ ವೇಗದಲ್ಲಿ ಒತ್ತಿದರೆ ಸ್ಕ್ರೂ ಮೊನೆ ಸುಟ್ಟು ಮೊಂಡಾಗುತ್ತದೆ, ಪೈಪು ಕೊರೆಯದೆ ಸುಮ್ಮನೆ ತಿರುಗುತ್ತದೆ. ಹೊಸದು ಕೊಳ್ಳುವುದಾದರೆ ಕ್ಲಚ್ (ಬೇಕಾದಷ್ಟು ಬಿಗಿಯಾದ ಕೂಡಲೇ ತಿರುಗುವುದನ್ನು ತಪ್ಪಿಸುವ ವ್ಯವಸ್ಥೆ) ಇರುವ ಬ್ಯಾಟರಿ ಡ್ರಿಲ್ ತೆಗೆದುಕೊಳ್ಳಿ. ಜೊತೆಗೆ 8 ಮಿ.ಮೀ. ಮ್ಯಾಗ್ನೆಟ್ ಸಾಕೆಟ್ ಎರಡು, ಒಂದು ಮಾಡಿನಿಂದ ಉರುಳಿ ಹೋಗುವುದು ಖಂಡಿತ.

ಬಿಗಿ ಎಷ್ಟಿರಬೇಕು ಎಂಬುದು ಕಣ್ಣಿನ ಲೆಕ್ಕ. ವಾಷರಿನ ರಬ್ಬರ್ ಲೋಹದ ಬಿಲ್ಲೆಯ ಅಂಚಿಗೆ ಬಂದು ತುಸು ಉಬ್ಬಿದರೆ ಸರಿ. ಹೊರಗೆ ಹಿಂಡಿ ಬಂದರೆ ಒಂದೆರಡು ಬೇಸಗೆಯಲ್ಲಿ ಸೀಳುತ್ತದೆ, ಶೀಟಿನ ಉಬ್ಬೂ ಕುಳಿಬಿದ್ದು ನೀರು ನಿಲ್ಲುತ್ತದೆ. ಓರೆಯಾಗಿ ಕೂತ ಸ್ಕ್ರೂ ಎಷ್ಟು ಬಿಗಿದರೂ ಸೋರುತ್ತದೆ. ಅದನ್ನು ತೆಗೆದು ಮುಂದಿನ ದಪ್ಪದ 6.3 ಮಿ.ಮೀ. ಸ್ಕ್ರೂ ನೇರವಾಗಿ ಹಾಕಿ.

ಪ್ರಶ್ನೆ: ಗ್ರೈಂಡರಿನಲ್ಲಿ ಕತ್ತರಿಸಿದ ಕಡೆಯೆಲ್ಲ ಒಂದೇ ಮಳೆಗಾಲಕ್ಕೆ ತುಕ್ಕು ಬಂದಿದೆ. ಶೀಟು ಕಳಪೆಯೇ?
– ಓದುಗರು, ಹುಬ್ಬಳ್ಳಿ

ಉತ್ತರ: ಶೀಟಿನ ತಪ್ಪಲ್ಲ. ಗ್ರೈಂಡರಿನ ಬಿಸಿಗೆ ಅಂಚಿನ ಸತು, ಬಣ್ಣ ಎರಡೂ ಸುಟ್ಟುಹೋಗುತ್ತವೆ. ಹಾರಿದ ಕಿಡಿಗಳು ಬಣ್ಣದೊಳಗೆ ಹುದುಗಿ ಚುಕ್ಕಿ ಚುಕ್ಕಿಯಾಗಿ ತುಕ್ಕಾಗುತ್ತವೆ. ಕೈ ಕತ್ತರಿ ಅಥವಾ ನಿಬ್ಲರ್ (ತಗಡನ್ನು ಚೂರು ಚೂರಾಗಿ ಕಚ್ಚಿ ಕತ್ತರಿಸುವ ಸಲಕರಣೆ) ಬಳಸಿ. ಬಾಗಿದ ಗೆರೆಯಲ್ಲಿ ಕತ್ತರಿಸುವುದಿದ್ದರೆ ಎಡಕ್ಕೆ, ಬಲಕ್ಕೆ ಬೇರೆ ಬೇರೆ ಕತ್ತರಿ ಸಿಗುತ್ತವೆ. ಕೊರೆದ ಲೋಹದ ಪುಡಿಯನ್ನು ಆ ದಿನವೇ ಮೃದು ಪೊರಕೆಯಲ್ಲಿ ಗುಡಿಸಿ. ಈಗ ಬಂದಿರುವ ತುಕ್ಕನ್ನು ಉಜ್ಜಿ ತೆಗೆದು ಜಿಂಕ್ ಹೆಚ್ಚಿರುವ ಪ್ರೈಮರ್, ಮೇಲೆ ಬಣ್ಣ ಹಚ್ಚಿ.

ಪ್ರಶ್ನೆ: ಇಳಿಮಾಡು ಚಿರೆಕಲ್ಲಿನ ಗೋಡೆಗೆ ಸೇರುವ ಕಡೆ ಪ್ರತಿ ವರ್ಷ ಸಿಮೆಂಟು ಮೆತ್ತುತ್ತೇವೆ, ಪ್ರತಿ ವರ್ಷ ಸೋರುತ್ತದೆ.
– ಓದುಗರು, ಶಿರಸಿ

ಉತ್ತರ: ಸಿಮೆಂಟು ಅಲ್ಲಿ ನಿಲ್ಲುವುದೇ ಇಲ್ಲ. ಉಕ್ಕಿನ ಶೀಟು ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ಗುತ್ತದೆ. ಆರು ಮೀಟರಿಗೆ 40 ಡಿಗ್ರಿ ಏರಿಳಿತವಾದರೆ ಹೆಚ್ಚುಕಡಿಮೆ ಮೂರು ಮಿ.ಮೀ. ಸಿಮೆಂಟಿಗೆ ಅಷ್ಟು ಬಾಗುವ ಗುಣವಿಲ್ಲ, ಬಿರುಕು ಬಿಡುತ್ತದೆ. ಸಾಲದ್ದಕ್ಕೆ ಹಸಿ ಸಿಮೆಂಟಿನ ಸುಣ್ಣದ ಗುಣ ಸತು, ಅಲ್ಯೂಮಿನಿಯಂ ಎರಡನ್ನೂ ತಿನ್ನುತ್ತದೆ. ಹಾಗಾಗಿ ಮೆತ್ತಿದ ಜಾಗದಲ್ಲೇ ಮೊದಲು ತೂತಾಗುವುದು.

ಮೆತ್ತಿದ್ದನ್ನೆಲ್ಲ ಕೆತ್ತಿ ತೆಗೆಯಿರಿ. ಶೀಟಿನ ಮೇಲ್ತುದಿಯ ತಗ್ಗುಗಳನ್ನು ಇಕ್ಕಳದಿಂದ ಮೇಲಕ್ಕೆ ಮಡಚಿ, ಗಾಳಿ ತಳ್ಳಿದ ನೀರು ಅಲ್ಲೇ ತಿರುಗುತ್ತದೆ. ಶೀಟಿನಿಂದ 15 ಸೆಂ.ಮೀ. ಎತ್ತರದಲ್ಲಿ ಗೋಡೆಗೆ 25 ಮಿ.ಮೀ. ಆಳದ ಗಾಡಿ (ಉದ್ದನೆಯ ಸಣ್ಣ ಕಾಲುವೆ) ಕೊರೆಯಿರಿ. ಅದೇ ಬಣ್ಣದ ತಗಡನ್ನು ಬಗ್ಗಿಸಿ ಒಂದು ಅಂಚನ್ನು ಗಾಡಿಯೊಳಗೆ ತೂರಿಸಿ, ಇನ್ನೊಂದು ಅಂಚು ಶೀಟಿನ ಮೇಲೆ 20 ಸೆಂ.ಮೀ. ಹೊದೆಯಲಿ. ತಗಡಿನ ತುಂಡಿಗೆ ತುಂಡು 15 ಸೆಂ.ಮೀ. ಮೇಲೆ ಬೀಳಲಿ. ಗಾಡಿಯನ್ನು ಪಾಲಿಯುರೇಥೇನ್ ಸೀಲಂಟಿನಿಂದ ತುಂಬಿ. ಹುಳಿ ವಾಸನೆ ಬರುವ ಸಿಲಿಕೋನ್ ಬೇಡ, ಅದರಿಂದ ಹೊರಬರುವ ಆಮ್ಲ ಸತುವನ್ನು ಕೆಡಿಸುತ್ತದೆ. ಸಿಲಿಕೋನೇ ಆಗಬೇಕೆಂದಿದ್ದರೆ ‘ನ್ಯೂಟ್ರಲ್’ ಎಂದು ಕೇಳಿ. ಚಿರೆಕಲ್ಲು ನೀರು ಕುಡಿಯುವ ಕಲ್ಲು, ಗಾಡಿಯ ಮೇಲಿನ ಭಾಗಕ್ಕೆ ಗಾರೆ ಇಲ್ಲದಿದ್ದರೆ ನೀರು ಕಲ್ಲಿನೊಳಗಿಂದಲೇ ಇಳಿದು ತಗಡಿನ ಹಿಂದೆ ಬರುತ್ತದೆ. ಅಲ್ಲಿ ಗಾರೆ ಮಾಡಿಸಿದ ಮೇಲೆಯೇ ಈ ಕೆಲಸಕ್ಕೆ ಇಳಿಯಿರಿ.

ಪ್ರಶ್ನೆ: ಸಮುದ್ರದಿಂದ ಒಂದು ಕಿ.ಮೀ. ದೂರದಲ್ಲಿದ್ದೇವೆ. ಶೀಟು ಚೆನ್ನಾಗಿದೆ, ಸ್ಕ್ರೂ ತಲೆಗಳು ಮಾತ್ರ ತುಕ್ಕಾಗಿ ಕೆಂಪು ನೀರು ಇಳಿಯುತ್ತಿದೆ. ಸ್ಟೀಲ್ ಸ್ಕ್ರೂ ಹಾಕಬಹುದೇ?
– ಓದುಗರು, ಕುಂದಾಪುರ

ಉತ್ತರ: ಮಾಡು ಅಲ್ಯೂಮಿನಿಯಂ ಶೀಟಿನದಾದರೆ ಸ್ಟೇನ್‌ಲೆಸ್ ಹಾಕಿ, ರಬ್ಬರ್ ವಾಷರ್ ಸಮೇತ. ಗ್ಯಾಲ್ವಲ್ಯೂಮ್ ಆದರೆ ಬೇಡ. ಉಪ್ಪುನೀರು ತಾಗಿದಾಗ ಸ್ಟೇನ್‌ಲೆಸ್ ತಾನು ಉಳಿದು ಸುತ್ತಲಿನ ಸತು ಲೇಪವನ್ನು ಕರಗಿಸುತ್ತದೆ. ಅದಕ್ಕೆ ಸಮುದ್ರ ತೀರಕ್ಕೆಂದೇ ದಪ್ಪ ಲೇಪ ಕೊಟ್ಟ ‘ಕ್ಲಾಸ್ 4’ ಸ್ಕ್ರೂ ಕೇಳಿ. ತಲೆಯ ಮೇಲೆ ಸೀಲಂಟ್ ಬಳಿದು ಮುಚ್ಚಿದರೆ ತುಕ್ಕು ಅಡಿಯಲ್ಲಿ ಬೆಳೆಯುತ್ತಲೇ ಇರುತ್ತದೆ, ಆದ್ದರಿಂದ ಬದಲಿಸುವುದೊಂದೇ ದಾರಿ. ಒಂದು ಸಾಲು ಬಿಚ್ಚಿ ಹಾಕಿ ಮುಗಿಸಿದ ಮೇಲೆ ಮುಂದಿನ ಸಾಲು ಬಿಚ್ಚಿ. ಸೂರಿನ ಅಡಿಭಾಗಕ್ಕೆ ಮಳೆ ತಾಗುವುದಿಲ್ಲ, ಉಪ್ಪು ಅಲ್ಲಿಯೇ ಕೂರುತ್ತದೆ. ಆರು ತಿಂಗಳಿಗೊಮ್ಮೆ ಬಾವಿ ನೀರು ಹಾಯಿಸಿ ತೊಳೆಯಿರಿ.

ಪ್ರಶ್ನೆ: ಹಳೆಯ ಆಸ್ಬೆಸ್ಟಾಸ್ ಶೀಟು ಸೀಳಿದೆ. ಹತ್ತಿ ನಾವೇ ಸರಿಮಾಡಬಹುದೇ?
– ಓದುಗರು, ಭದ್ರಾವತಿ

ಉತ್ತರ: ಹತ್ತಬೇಡಿ. ಹಳೆಯ ಆಸ್ಬೆಸ್ಟಾಸ್ ಶೀಟು ಮನುಷ್ಯನ ಭಾರಕ್ಕೆ ಮುನ್ಸೂಚನೆಯಿಲ್ಲದೆ ಮುರಿಯುತ್ತದೆ. ಕೊರೆಯುವುದು, ಉಜ್ಜುವುದು, ಗ್ರೈಂಡರ್ ಹಾಕುವುದು ಯಾವುದೂ ಬೇಡ, ಆ ಧೂಳಿನ ಎಳೆಗಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣ. ಸೀಳು ಸೂರಿನ ಹತ್ತಿರವಿದ್ದು ಏಣಿಯಿಂದಲೇ ಕೈಗೆ ಎಟುಕಿದರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಬ್ಯೂಟೈಲ್ ಟೇಪನ್ನು (ನೀರು ತಡೆಯುವ ರಬ್ಬರಿನ ಅಂಟುಪಟ್ಟಿ) ಸೀಳಿನ ಎರಡೂ ಕಡೆ ಎರಡೆರಡು ಅಂಗುಲ ಬರುವಂತೆ ಅಂಟಿಸಿ. ಅದು ಈ ಮಳೆಗಾಲ ಕಳೆಯಲು ಸಾಕು. ಶೀಟು ಬದಲಿಸುವಾಗ ನೀರು ಚಿಮುಕಿಸಿ, ಒಡೆಯದೆ ಇಡಿಯಾಗಿ ಇಳಿಸಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಲು ಕೆಲಸದವರಿಗೆ ಮೊದಲೇ ಹೇಳಿ.