ವಸಂತನರಸಾಪುರದ ಫ್ಯಾಕ್ಟರಿಯ ಪಿಎಲ್‌ಸಿಯನ್ನು (ಯಂತ್ರಗಳನ್ನು ನಡೆಸುವ ಪುಟ್ಟ ಕಂಪ್ಯೂಟರ್) ತುಮಕೂರಿನ ಮನೆಯಿಂದ ಮೊಬೈಲ್‌ನಲ್ಲಿ ನೋಡಬಹುದಾ? ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿದರೆ ಸಾಕಾ?

ನೋಡಬಹುದು. ಆದರೆ ಪೋರ್ಟ್ ಫಾರ್ವರ್ಡ್ ಮಾತ್ರ ಬೇಡವೇ ಬೇಡ. ಅದು ಇಂಟರ್ನೆಟ್‌ನಿಂದ ಪಿಎಲ್‌ಸಿಗೆ ನೇರ ಬಾಗಿಲು ತೆರೆದಿಟ್ಟಂತೆ.

ಬಹಳಷ್ಟು ಪಿಎಲ್‌ಸಿಗಳು ಮಾತಾಡುವ ಭಾಷೆ ಮಾಡ್‌ಬಸ್ ಬಂದಿದ್ದು 1979ರಲ್ಲಿ. ಅದು ಪಾಸ್‌ವರ್ಡ್ ಕೇಳುವುದಿಲ್ಲ. ಅದು ಬಳಸುವ 502ನೇ ಪೋರ್ಟ್ ತೆರೆದಿಟ್ಟರೆ ಯಾರು ಹೇಳಿದರೂ ನಿಮ್ಮ ಪಂಪು ನಿಲ್ಲುತ್ತದೆ. ನಮ್ಮ ಮೂಲೆಯ ಫ್ಯಾಕ್ಟರಿ ಯಾರಿಗೆ ಬೇಕು ಅಂತೀರಾ? ಶೋಡಾನ್‌ನಂಥ ಸರ್ಚ್ ಎಂಜಿನ್‌ಗಳು ಊರು ನೋಡುವುದಿಲ್ಲ, ತೆರೆದ ಪೋರ್ಟ್ ನೋಡುತ್ತವೆ. 2023ರ ನವೆಂಬರ್‌ನಲ್ಲಿ ಅಮೆರಿಕದ ಅಲಿಕ್ವಿಪ್ಪ ಎಂಬ ಸಣ್ಣ ಊರಿನ ನೀರು ಸರಬರಾಜಿನಲ್ಲಿ ಯೂನಿಟ್ರಾನಿಕ್ಸ್ ಕಂಪನಿಯ ಪಿಎಲ್‌ಸಿಗೇ ಹ್ಯಾಕರ್‌ಗಳು ನುಗ್ಗಿದ್ದರು. ಆ ಪಿಎಲ್‌ಸಿಗಳಿಗೆ ಕಂಪನಿ ಇಟ್ಟಿದ್ದ ಪಾಸ್‌ವರ್ಡ್ 1111!

ವಿಪಿಎನ್ (ಇಂಟರ್ನೆಟ್ ಮೇಲೆಯೇ ಗುಟ್ಟಾದ ಖಾಸಗಿ ದಾರಿ) ಇರುವ ಇಂಡಸ್ಟ್ರಿಯಲ್ ರೂಟರ್ ಹಾಕಿಸಿ. ಅದು ಒಳಗಿನಿಂದಲೇ ಹೊರಗಿನ ವಿಪಿಎನ್ ಸರ್ವರ್‌ಗೆ ಸಂಪರ್ಕ ಮಾಡುವಂತಿದ್ದರೆ ಮಾಮೂಲಿ 4ಜಿ ಸಿಮ್ ಸಾಕು, ಸ್ಟ್ಯಾಟಿಕ್ ಐಪಿಗೆ (ಬದಲಾಗದ ಇಂಟರ್ನೆಟ್ ವಿಳಾಸ) ಸುಮ್ನೆ ದುಡ್ಡು ಕೊಡಬೇಕಿಲ್ಲ. ಲಾಗಿನ್‌ಗೆ ಪಾಸ್‌ವರ್ಡ್ ಜೊತೆ ಓಟಿಪಿ ಆ್ಯಪ್ ಕೂಡ ಇರಲಿ. ಮೊಬೈಲ್ ನೇರವಾಗಿ ಪಿಎಲ್‌ಸಿ ಮುಟ್ಟಬಾರದು. ಸ್ಕಾಡಾದ (ಯಂತ್ರಗಳ ಸ್ಥಿತಿಯನ್ನು ಪರದೆಯಲ್ಲಿ ತೋರಿಸುವ ಸಾಫ್ಟ್‌ವೇರ್) ವೆಬ್ ಪುಟವನ್ನಷ್ಟೇ, ಅದೂ ಓದಲು ಮಾತ್ರ, ತೋರಿಸಿ. ಮನೆಯಲ್ಲಿ ಕೂತು ಮೋಟಾರ್ ಆನ್ ಮಾಡುವ ಆಸೆ ಬಿಡಿ. ಅದರ ಪಕ್ಕದಲ್ಲಿ ಯಾರ ಕೈ ಇದೆಯೋ ನಿಮಗೆ ಕಾಣುವುದಿಲ್ಲ, ಅಲ್ವಾ?

ಮಷಿನ್ ಕಂಪನಿಯವರಿಗೆ ಕೊಟ್ಟ ಲಾಗಿನ್ ಅನ್ನು ರಿಪೇರಿ ಮುಗಿದ ತಕ್ಷಣ ಮುಚ್ಚಿ. ಮೊಬೈಲ್ ಕಳೆದರೆ ಅದರ ವಿಪಿಎನ್ ಸರ್ಟಿಫಿಕೇಟನ್ನು (ಒಳಗೆ ಬಿಡುವ ಡಿಜಿಟಲ್ ಗುರುತು) ಅವತ್ತೇ ರದ್ದು ಮಾಡಿಸಿ.