'ಹೊಟ್ಟೆ ಲೋಕಲ್' ಬರೆದು ಕಳಿಸಿದ ಡೊಂಬಿವಲಿಯ ಲೇಖಕಿಗೆ

ನಮಸ್ಕಾರ.

ನಿಮ್ಮ ನಗೆಬರಹ 'ಹೊಟ್ಟೆ ಲೋಕಲ್' ಓದಿದೆ. ಮೊದಲು ಕಹಿ ಮಾತು ಹೇಳಿಬಿಡುತ್ತೇನೆ. ಈಗಿರುವ ಹಾಗೆ ಇದನ್ನು ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ನೀವು ಇದನ್ನು ಬಿಟ್ಟುಬಿಡಲೂ ಬಾರದು. ತಿದ್ದಿ ಮತ್ತೆ ಕಳಿಸಬೇಕು ಅನ್ನೋದು ನನ್ನ ಆಸೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಊಟದ ಬಗ್ಗೆ, ಆರೋಗ್ಯದ ಬಗ್ಗೆ ಬರೆಯುವವರು ಮುಂಬೈ ಕನ್ನಡಿಗರಲ್ಲಿ ಈಗ ಜಾಸ್ತಿಯಾಗಿದ್ದಾರೆ. ಅವರಿಗೂ ಉಪಯೋಗವಾಗಲಿ ಅಂತ, ನೀವು ಒಪ್ಪಿದ ಹಾಗೆ, ನಿಮ್ಮ ಹೆಸರು ಬಿಟ್ಟು ಇಲ್ಲಿ ಹಾಕಿದ್ದೇನೆ.

ಲೇಖನ ಓದದವರಿಗೆ ಒಂದೆರಡು ಮಾತು. ಬಾಯಿಂದ ಕೊನೆಯವರೆಗಿನ ದಾರಿಯನ್ನು ನೀವು ಮುಂಬೈ ಲೋಕಲ್ ರೈಲಿನ ಸೆಂಟ್ರಲ್ ಲೈನ್ ಮಾಡಿದ್ದೀರಿ. ಬಾಯಿ ರೈಲು ಹೊರಡುವ ಸಿಎಸ್‌ಎಂಟಿ, ಜಠರ ದಾದರ್, ಕುರ್ಲಾದಿಂದ ಠಾಣೆವರೆಗೆ ಸಣ್ಣ ಕರುಳು, ಕಲ್ಯಾಣದಾಚೆ ದೊಡ್ಡ ಕರುಳು. ಕೊನೆಯ ಸ್ಟೇಷನ್ ಕರ್ಜತ್ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ರಾಗಿ ಪಾಸ್ ಇರುವ ಪ್ರಯಾಣಿಕ, ಮೈದಾ ಟಿಕೆಟ್ ಇಲ್ಲದವನು, ಬ್ಯಾಕ್ಟೀರಿಯಾಗಳು ಟಿಸಿಗಳು. ಮೊದಲ ಪುಟ ಓದಿ ನಕ್ಕೆ. ಆರನೇ ಪುಟದಲ್ಲೂ ರೈಲು ಓಡುತ್ತಲೇ ಇತ್ತು. ಅಷ್ಟು ಹೊತ್ತಿಗೆ ನನಗೆ ಹೊಟ್ಟೆ ಮರೆತೇ ಹೋಗಿತ್ತು, ಬರೀ ಸ್ಟೇಷನ್‌ಗಳು ಉಳಿದಿದ್ದವು. ರೈಲನ್ನು ಒಂದು ಪ್ಯಾರಾಕ್ಕೆ ಇಳಿಸಿ. ಇನ್ನೊಂದು ಕಾರಣಕ್ಕೂ ಹೇಳುತ್ತಿದ್ದೇನೆ. ನಿಮ್ಮ ರೈಲಿನಲ್ಲಿ ಊಟ ಎರಡು ಗಂಟೆಯಲ್ಲಿ ಕರ್ಜತ್ ಸೇರುತ್ತದೆ. ನಿಜದಲ್ಲಿ ಜಠರ ಖಾಲಿಯಾಗಲೇ ಕೆಲವು ಗಂಟೆ ಬೇಕು. ಸುಮಾರು 6 ಮೀಟರ್ ಸಣ್ಣ ಕರುಳು ದಾಟಲು ಇನ್ನು ಕೆಲವು ಗಂಟೆ. ಕೊನೆಯ ಒಂದೂವರೆ ಮೀಟರ್ ದೊಡ್ಡ ಕರುಳಿನಲ್ಲಿ ಒಂದು ದಿನ ಆಗಬಹುದು, ಅದಕ್ಕಿಂತ ಜಾಸ್ತಿಯೂ ಆಗಬಹುದು. ಉದ್ದ ದಾರಿ ಬೇಗ ಮುಗಿದು, ಗಿಡ್ಡ ದಾರಿಯಲ್ಲಿ ಎಲ್ಲವೂ ನಿಂತುಬಿಡುತ್ತದೆ. ಇದರಲ್ಲೇ ತಮಾಷೆ ಇದೆ ಅಲ್ವಾ? ನಿಮ್ಮ ಕಥೆಯ ಮುಖ್ಯ ಪಾತ್ರಗಳು, ಆ ಬ್ಯಾಕ್ಟೀರಿಯಾಗಳು, ಹೆಚ್ಚಾಗಿ ಇರುವುದೂ ಅಲ್ಲೇ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ನಾಲ್ಕನೇ ಪುಟದ ಹುರುಳಿ ಸಾರು. ನಿಮ್ಮದೇ ಸಾಲುಗಳು ಇವು: "ಭಾನುವಾರ ರಾತ್ರಿ ಅತ್ತೆ ಮಾಡಿದ ಹುರುಳಿ ಸಾರು ಸೋಮವಾರ ಬೆಳಿಗ್ಗೆ ಠಾಣೆ ದಾಟುವಾಗ ಮಾತಾಡಲು ಶುರುಮಾಡಿತು. ಲೇಡೀಸ್ ಡಬ್ಬಾದಲ್ಲಿ ಕೈ ಎತ್ತಿ ಮೂಗು ಮುಚ್ಚಿಕೊಳ್ಳಲೂ ಜಾಗ ಇರಲಿಲ್ಲ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ನಾನೂ ನೋಡಿದೆ, ಎಲ್ಲರಿಗಿಂತ ಜಾಸ್ತಿ ಸಿಟ್ಟಿನಿಂದ."

ಆ ಕೊನೆಯ ಸಾಲಿಗೆ ನಾನು ಜೋರಾಗಿ ನಕ್ಕೆ. ಇಲ್ಲಿ ಯಾವ ಹೋಲಿಕೆಯೂ ಇಲ್ಲ, ಯಾವ ಸರ್ಕಸ್ಸೂ ಇಲ್ಲ. ಒಂದು ಸಾರು, ಒಂದು ಡಬ್ಬಾ, ಕಳ್ಳಿಯೇ ಪೊಲೀಸ್ ಆಗಿ ನಿಂತ ಒಂದು ಮುಖ. ಆದರೆ ನೀವು ಅಲ್ಲಿಗೆ ನಿಲ್ಲಿಸಲಿಲ್ಲ. ಮುಂದಿನ ಸಾಲಿನಲ್ಲಿ "ಹ್ಹ ಹ್ಹ ಹ್ಹ!" ಅಂತ ಬರೆದಿರಿ, ಆಮೇಲೆ ಗ್ಯಾಸ್ ಯಾರನ್ನೂ ಬಿಡುವುದಿಲ್ಲ ಅಂತ ವಿವರಣೆ ಕೊಟ್ಟಿರಿ. ಅವೆರಡನ್ನೂ ಹೊಡೆದುಹಾಕಿ. ಆ ಜಾಗದಲ್ಲಿ ಹುರುಳಿ ಯಾಕೆ ಹೀಗೆ ಮಾಡಿತು ಅಂತ ಹೇಳಿ. ನಿಮ್ಮ ಇಡೀ ಲೇಖನದಲ್ಲಿ ಇಲ್ಲದೇ ಇರುವುದು ಅದೇ.

ಹುರುಳಿ, ಕಡಲೆ, ಅವರೆ, ರಾಜ್ಮಾ ಇವುಗಳಲ್ಲಿ ರಾಫಿನೋಸ್, ಸ್ಟ್ಯಾಕಿಯೋಸ್ ಅನ್ನುವ ಸಕ್ಕರೆಗಳಿವೆ. ಅವನ್ನು ಒಡೆಯುವ ಕಿಣ್ವ ನಮ್ಮ ಸಣ್ಣ ಕರುಳಿನಲ್ಲಿ ಇಲ್ಲ. ಹಾಗಾಗಿ ಅವು ಇಡಿಯಾಗಿ ದೊಡ್ಡ ಕರುಳು ಸೇರುತ್ತವೆ. ಅಲ್ಲಿ ಬ್ಯಾಕ್ಟೀರಿಯಾಗಳು ಕಾದಿರುತ್ತವೆ. ಅವು ತಿಂದು ಹುದುಗು ಬರಿಸಿದಾಗ ಹೈಡ್ರೋಜನ್, ಕಾರ್ಬನ್ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್ ಕೂಡ ಹುಟ್ಟುತ್ತದೆ. ಈ ಯಾವುದಕ್ಕೂ ವಾಸನೆಯೇ ಇಲ್ಲ! ಠಾಣೆಯಲ್ಲಿ ನಿಮ್ಮನ್ನು ಸಿಕ್ಕಿಹಾಕಿಸಿದ್ದು ಚೂರೇ ಚೂರು ಗಂಧಕದ ಅನಿಲಗಳು. ಮತ್ತೆ ಅದೇ ಹೊತ್ತಿಗೆ, ಅದೇ ಹುದುಗಿನಲ್ಲಿ, ಬ್ಯುಟಿರೇಟ್ ಅನ್ನುವ ಒಂದು ಕೊಬ್ಬಿನಾಮ್ಲವೂ ತಯಾರಾಗುತ್ತದೆ. ದೊಡ್ಡ ಕರುಳಿನ ಒಳಗೋಡೆಯ ಕೋಶಗಳಿಗೆ ಮುಖ್ಯ ಆಹಾರವೇ ಅದು. ಅಂದರೆ ಡಬ್ಬಾದಲ್ಲಿ ಮಾನ ಹೋಗುತ್ತಿದ್ದಾಗ ಒಳಗೆ ಕರುಳಿಗೆ ಊಟ ಬಡಿಸುತ್ತಿದ್ದರು. ನಗಬೇಕಾದ ಸಂಗತಿ, ತಿಳಿಯಬೇಕಾದ ಸಂಗತಿ ಎರಡೂ ಇಲ್ಲಿ ಒಂದೇ. ನಿಮ್ಮ ಲೇಖನ ಈ ಜಾಗದ ಸುತ್ತ ಬೆಳೆಯಬೇಕು. ಉಳಿದ ಕಡೆಯೆಲ್ಲ ನೀವು ಮಾಹಿತಿ ಒಂದು ಪ್ಯಾರಾ, ಜೋಕು ಒಂದು ಪ್ಯಾರಾ ಅಂತ ಬೇರೆ ಬೇರೆ ಇಟ್ಟಿದ್ದೀರಿ. ಓದುವವರು ಜೋಕು ಓದಿ ಮಾಹಿತಿ ಹಾರಿಸುತ್ತಾರೆ, ಬೇಕಾದರೆ ನೋಡಿ.

ಹುರುಳಿಯನ್ನು ರಾತ್ರಿ ನೆನೆಸಿ ಆ ನೀರು ಚೆಲ್ಲಿದರೆ, ಮೊಳಕೆ ಬರಿಸಿದರೆ, ಈ ಸಕ್ಕರೆಗಳು ಕಡಿಮೆಯಾಗುತ್ತವೆ. ಇದನ್ನೂ ಬರೆಯಿರಿ. ನಿಮ್ಮ ಅತ್ತೆಯವರಿಗೆ ಇದು ಗೊತ್ತಿರುತ್ತದೆ, ಕೇಳಿ ನೋಡಿ. ಅವರು ಏನು ಹೇಳುತ್ತಾರೋ ಹಾಗೇ ಬರೆಯಿರಿ.

ಇನ್ನು ತಪ್ಪುಗಳು. ಇವು ನನಗೆ ಚಿಂತೆ ತಂದವು.

"ಒಂದೊಂದು ಇಡ್ಲಿಯಲ್ಲೂ ಕೋಟಿ ಕೋಟಿ ಜೀವಂತ ಬ್ಯಾಕ್ಟೀರಿಯಾಗಳು ನಮ್ಮ ಹೊಟ್ಟೆಗೆ ಹೋಗುತ್ತವೆ" ಅಂತ ಬರೆದಿದ್ದೀರಿ. ನಮ್ಮ ಪತ್ರಿಕೆ ಯಾರು ಓದುತ್ತಾರೆ ಅಂತ ಯೋಚಿಸಿದ್ದೀರಾ? ಮಾಟುಂಗಾದಲ್ಲಿ, ಫೋರ್ಟ್‌ನಲ್ಲಿ, ಚೆಂಬೂರಿನಲ್ಲಿ ಜೀವನವೆಲ್ಲ ಹಿಟ್ಟು ರುಬ್ಬಿದವರು ಓದುತ್ತಾರೆ. ಹಿಟ್ಟು ಉಬ್ಬುವುದು ಬ್ಯಾಕ್ಟೀರಿಯಾಗಳಿಂದ, ಅದು ನಿಜ. ಲ್ಯೂಕೋನಾಸ್ಟಾಕ್ ಅನ್ನುವ ಜಾತಿ ಅದರಲ್ಲಿ ಮುಖ್ಯ. ಅದು ಬಿಡುವ ಗಾಳಿಯಿಂದಲೇ ರಾತ್ರಿ ಅರ್ಧ ಇದ್ದ ಹಿಟ್ಟು ಬೆಳಿಗ್ಗೆ ಪಾತ್ರೆಯ ಮುಚ್ಚಳ ಎತ್ತುವುದು. ಆದರೆ ಹಬೆಯಲ್ಲಿ ಹತ್ತು ನಿಮಿಷ ಬೆಂದ ಮೇಲೆ ಅವು ಬದುಕುವುದಿಲ್ಲ. ಹಾಗಂತ ಇಡ್ಲಿಗೆ ಬೆಲೆ ಕಡಿಮೆಯಾಗಲಿಲ್ಲ. ಬ್ಯಾಕ್ಟೀರಿಯಾಗಳು ಸಾಯುವ ಮೊದಲೇ ಅರ್ಧ ಅಡುಗೆ ಮುಗಿಸಿರುತ್ತವೆ. ಹಿಟ್ಟು ಹುಳಿಯಾದಾಗ ಅದರಲ್ಲಿನ ಫೈಟೇಟ್, ಅಂದರೆ ಖನಿಜಗಳನ್ನು ಹಿಡಿದಿಟ್ಟುಕೊಳ್ಳುವ ವಸ್ತು, ಕಡಿಮೆಯಾಗುತ್ತದೆ, ಕಬ್ಬಿಣದಂಥ ಖನಿಜಗಳು ನಮಗೆ ಸುಲಭವಾಗಿ ಸಿಗುತ್ತವೆ. ಜೀವಂತ ಬ್ಯಾಕ್ಟೀರಿಯಾ ಬೇಕೆಂದರೆ ಪಕ್ಕದ ಬಟ್ಟಲಲ್ಲಿ ಮೊಸರಿದೆ. ಅದನ್ನು ಹಾಗೇ ತಿನ್ನಬೇಕು. ಕುದಿಸಿದ ಮಜ್ಜಿಗೆ ಹುಳಿಯಲ್ಲಿ ಅವೂ ಇರುವುದಿಲ್ಲ.

ನಮ್ಮ ಮೈಯ ಕೋಶಗಳಿಗಿಂತ ಬ್ಯಾಕ್ಟೀರಿಯಾಗಳು ಹತ್ತು ಪಟ್ಟು, ತೂಕ ಎರಡು ಕಿಲೋ ಅಂದಿದ್ದೀರಿ. ಇದು ಹಳೆಯ ಲೆಕ್ಕ. 2016ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ವಿಜ್ಞಾನಿಗಳು ಮತ್ತೆ ಎಣಿಕೆ ಹಾಕಿದರು. 70 ಕಿಲೋ ತೂಕದ ಒಬ್ಬ ಗಂಡಸಿನಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ, 30 ಲಕ್ಷ ಕೋಟಿ ಸ್ವಂತ ಕೋಶಗಳು. ಹೆಚ್ಚುಕಡಿಮೆ ಸಮಸಮ. ತೂಕ ಬರೀ 200 ಗ್ರಾಂ ಆಸುಪಾಸು. ಹೊಟ್ಟೆ ಗುರ್ ಅನ್ನುವುದು ಹಸಿದ ಬ್ಯಾಕ್ಟೀರಿಯಾಗಳ ಗಲಾಟೆ ಅಂತಲೂ ಬರೆದಿದ್ದೀರಿ. ಅದೂ ಅಲ್ಲ. ಹೊಟ್ಟೆ ಖಾಲಿ ಇದ್ದಾಗ ಸುಮಾರು ಒಂದೂವರೆ, ಎರಡು ಗಂಟೆಗೊಮ್ಮೆ ಕರುಳಿನ ಸ್ನಾಯುಗಳು ಅಲೆ ಅಲೆಯಾಗಿ ಹಿಂಡಿಕೊಂಡು, ಉಳಿದ ಚೂರುಪಾರನ್ನು ಕೆಳಗೆ ಗುಡಿಸಿಕೊಂಡು ಹೋಗುತ್ತವೆ. ಒಳಗಿನ ಗಾಳಿ ನೀರು ಅಲುಗಿದ ಸದ್ದು ಅದು. ಮೀಟಿಂಗ್ ನಡುವೆ ಹೊಟ್ಟೆ ಗುರ್ ಅಂದರೆ ಒಳಗೆ ಕಸ ಗುಡಿಸುತ್ತಿದ್ದಾರೆ ಅಂತ ಅರ್ಥ. ನೀವು ಬರೆದದ್ದಕ್ಕಿಂತ ಇದೇ ತಮಾಷೆಯಾಗಿದೆ. ಲೇಖನದ ಶುರುವಿನಲ್ಲಿ ಪ್ರಾಚೀನ ಗ್ರೀಕ್ ವೈದ್ಯ ಹಿಪಾಕ್ರಟಿಸ್ ಹೆಸರಲ್ಲಿ ಹಾಕಿದ ಮಾತು ಅವನ ಬರಹಗಳಲ್ಲಿ ಸಿಗುವುದಿಲ್ಲ, ತೆಗೆಯಿರಿ.

ಮೈದಾ ವಿಷಯಕ್ಕೆ ಬರೋಣ. "ಮೈದಾ ಗೋಂದಿನ ಹಾಗೆ ಕರುಳಿಗೆ ಅಂಟಿಕೊಳ್ಳುತ್ತದೆ" ಅಂತ ಹೆದರಿಸಿದ್ದೀರಿ. ಅಂಟಿಕೊಳ್ಳುವುದಿಲ್ಲ. ಗೋಧಿಯ ತೌಡು, ಮೊಳಕೆಯ ಭಾಗ ತೆಗೆದ ಮೇಲೆ ಉಳಿಯುವ ಹಿಟ್ಟು ಅದು. ಸಣ್ಣ ಕರುಳಿನಲ್ಲೇ ಬಹುಪಾಲು ಜೀರ್ಣವಾಗಿ ಮುಗಿದುಹೋಗುತ್ತದೆ. ತೊಂದರೆ ಇರುವುದೇ ಅಲ್ಲಿ. ಕೆಳಗೆ ಕಾದಿರುವ ಬ್ಯಾಕ್ಟೀರಿಯಾಗಳಿಗೆ ಹೆಚ್ಚೇನೂ ಉಳಿಯುವುದಿಲ್ಲ. ಇಷ್ಟು ಹೇಳಿದರೆ ಸಾಕು. ರಾತ್ರಿ ಹನ್ನೊಂದಕ್ಕೆ ಹೋಟೆಲ್ ಶಟರ್ ಎಳೆದ ಮೇಲೆ ಊಟಕ್ಕೆ ಕೂರುವವರು ನಮ್ಮ ಓದುಗರು. ಹಗಲು ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಕನ್ನಡ ಕಲಿತ ಹಿರಿಯರು ಇದ್ದಾರೆ. ವಡಾಪಾವ್ ತಿಂದೇ ಎಷ್ಟೋ ಜನ ಈ ಊರಲ್ಲಿ ನೆಲೆ ಕಂಡಿದ್ದಾರೆ. ಅವರನ್ನು ನೋಡಿ ನಗಬೇಡಿ, ಅವರ ಜೊತೆ ನಗಿ. ನಿಮ್ಮ 'ಶತ್ರುಗಳ ಪಟ್ಟಿ'ಯಲ್ಲಿ ಮಿಸಳ್ ಪಾವ್ ನೋಡಿ ನನಗೆ ಬೇಸರವಾಯಿತು. ಪಾವ್ ಮೈದಾ, ಸರಿ. ಆದರೆ ಮೇಲೆ ಉದುರಿಸಿದ ಖಾರದ ಫರಸಾಣದ ಕೆಳಗೆ ಇರುವುದು ಮೊಳಕೆ ಬಂದ ಮಟಕಿ ಕಾಳು! ನಿಮ್ಮ ಲೇಖನದ ನಾಯಕನಾಗಬೇಕಾದ ಕಾಳನ್ನೇ ಜೈಲಿಗೆ ಹಾಕಿದ್ದೀರಿ.

ಅದೇ ಪುಟದ 'ಮಿತ್ರರ ಪಟ್ಟಿ'ಯಲ್ಲಿ ಕಿನೋವಾ, ಚಿಯಾ, ಕೇಲ್ ಅನ್ನುವ ಹೊರದೇಶದ ಕಾಳು, ಬೀಜ, ಸೊಪ್ಪು ಇವೆ. ಅವುಗಳ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ನಿಮ್ಮ ಅಡುಗೆಮನೆ ಎಲ್ಲಿ ಹೋಯಿತು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕ ನೋಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು, ಅಂದರೆ ಜೀರ್ಣವಾಗದೆ ದೊಡ್ಡ ಕರುಳು ಸೇರುವ ಭಾಗ. ಬಿಳಿ ಅಕ್ಕಿಯಲ್ಲಿ 3 ಗ್ರಾಂಗಿಂತ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕು ಅಂದಿದೆ. ಈ ಲೆಕ್ಕವನ್ನು ತಟ್ಟೆಯಲ್ಲಿ ತೋರಿಸಿ. ಡೊಂಬಿವಲಿ ಅಂಗಡಿಯಲ್ಲಿ ನಾಚಣಿ ಅಂತ ಕೇಳಿದರೆ ರಾಗಿ ಸಿಗುತ್ತದೆ. ಮಾಟುಂಗಾ ಮಾರ್ಕೆಟ್ಟಿನಲ್ಲಿ ಬಾಳೆದಿಂಡು, ಬಸಳೆ, ಮಂಗಳೂರು ಸೌತೆ ಸಿಗುತ್ತವೆ. ಬಾಳೆದಿಂಡು ಹೆಚ್ಚುವಾಗ ಎಳೆ ಎಳೆಯಾಗಿ ಬರುವ ನಾರನ್ನು ಬೆರಳಿಗೆ ಸುತ್ತಿ ಸುತ್ತಿ ತೆಗೆಯುತ್ತೀರಲ್ಲ, ಆ ಬೆರಳನ್ನು ಬರೆಯಿರಿ. ಅಷ್ಟು ತೆಗೆದ ಮೇಲೂ ಪಲ್ಯದಲ್ಲಿ ನಾರು ಉಳಿದೇ ಇರುತ್ತದೆ. ಕುಚ್ಚಲಕ್ಕಿ ಗಂಜಿ ಒಂದು ಸಾಲಿನಲ್ಲೂ ಬಂದಿಲ್ಲ, ಇದು ಅನ್ಯಾಯ. ಅನ್ನ ತಣ್ಣಗಾದಾಗ ಅದರ ಪಿಷ್ಟದಲ್ಲಿ ಒಂದಷ್ಟು ಭಾಗ ಸುಲಭಕ್ಕೆ ಜೀರ್ಣವಾಗದ ಹಾಗೆ ಬಿಗಿಯಾಗುತ್ತದೆ, ನಾರಿನ ಹಾಗೇ ಕೆಳಗೆ ಹೋಗಿ ಬ್ಯಾಕ್ಟೀರಿಯಾಗಳಿಗೆ ಸಿಗುತ್ತದೆ. ಇಲ್ಲಿಯ ಸೆಖೆಯಲ್ಲಿ ಅನ್ನ ಹೊರಗಿಟ್ಟರೆ ಕೆಡುತ್ತದೆ, ಫ್ರಿಜ್ಜಿನಲ್ಲಿಡಿ ಅಂತಲೂ ಸೇರಿಸಿ.

ಒಂದು ಎಚ್ಚರಿಕೆ ಬರಲೇಬೇಕು. ಇವತ್ತು ಓದಿ ನಾಳೆಯೇ ಮೂರು ಹೊತ್ತು ರಾಗಿ, ಕಾಳು ಶುರುಮಾಡಿದವರಿಗೆ ಹೊಟ್ಟೆ ಉಬ್ಬುತ್ತದೆ. ನಾರನ್ನು ಸ್ವಲ್ಪ ಸ್ವಲ್ಪವೇ ಜಾಸ್ತಿ ಮಾಡಬೇಕು, ನೀರೂ ಕುಡಿಯಬೇಕು. ಕರುಳಿನ ಕಾಯಿಲೆ ಇರುವವರು ಡಾಕ್ಟರನ್ನು ಕೇಳಬೇಕು. ಇದನ್ನು ಕೊನೆಯಲ್ಲಿ ಚೌಕಟ್ಟು ಕಟ್ಟಿ ಹಾಕಬೇಡಿ. ಹುರುಳಿಯ ಕಥೆ ಮುಗಿದ ತಕ್ಷಣ ಹೇಳಿ. ಆಗ ಎಲ್ಲರೂ ಓದುತ್ತಾರೆ.

ಜಾಗ ಮಿಕ್ಕಿದರೆ ಎರಡು ಸಂಗತಿ ಸೇರಿಸಿ. 1822ರಲ್ಲಿ ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನ ಹೊಟ್ಟೆಗೆ ಗುಂಡು ಬಿತ್ತು. ಬದುಕಿದ, ಆದರೆ ಜಠರದ ತೂತು ಮುಚ್ಚಲೇ ಇಲ್ಲ. ಅವನ ಡಾಕ್ಟರ್ ವಿಲಿಯಂ ಬ್ಯೂಮಾಂಟ್ ಮಾಂಸ, ತರಕಾರಿ ಚೂರುಗಳನ್ನು ರೇಷ್ಮೆ ದಾರಕ್ಕೆ ಕಟ್ಟಿ ಒಳಗೆ ಇಳಿಬಿಟ್ಟು, ಸ್ವಲ್ಪ ಹೊತ್ತಿಗೆ ಎಳೆದು ನೋಡುತ್ತಿದ್ದ. ಸೇಂಟ್ ಮಾರ್ಟಿನ್‌ಗೆ ಸಿಟ್ಟು ಬಂದಾಗ ಜೀರ್ಣ ನಿಧಾನವಾಗುವುದನ್ನೂ ಕಂಡ. 1853ರಲ್ಲಿ ಡಾಕ್ಟರ್ ತೀರಿಕೊಂಡ. ಹೊಟ್ಟೆಯಲ್ಲಿ ತೂತಿದ್ದವನು 1880ರವರೆಗೆ ಬದುಕಿದ. ಎರಡನೆಯದು, 1997ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನ ವೈದ್ಯರಿಬ್ಬರು ಮಲವನ್ನು ನೋಟದಿಂದಲೇ ಏಳು ಬಗೆಯಾಗಿ ವಿಂಗಡಿಸಿದ ಪಟ್ಟಿ. ಇವತ್ತಿಗೂ ಡಾಕ್ಟರುಗಳು ಬಳಸುತ್ತಾರೆ. ತೀರಾ ಗಟ್ಟಿಯೂ ಅಲ್ಲದ, ನೀರಾಗಿಯೂ ಇಲ್ಲದ ಮೂರು, ನಾಲ್ಕನೇ ಬಗೆ ಇದ್ದರೆ ಚೆನ್ನ. ಇದನ್ನು ನಾಚಿಕೆಯಿಲ್ಲದೆ ಬರೆಯಿರಿ, ಹೊಲಸು ಮಾಡದೆ ಬರೆಯಿರಿ. ಬೆಳಿಗ್ಗೆ ಎದ್ದು ಹೊಟ್ಟೆ ಸರಿಯಿಲ್ಲ ಅಂತ ಮನೆಯವರ ಹತ್ತಿರ ಹೇಗೆ ಹೇಳುತ್ತೀರೋ ಆ ಮಾತೇ ಸಾಕು.

ಆಶ್ಚರ್ಯಸೂಚಕ ಚಿಹ್ನೆಗಳನ್ನು ಎಣಿಸಲು ಹೋಗಿ ಬಿಟ್ಟೆ. ಒಂದೆರಡು ಉಳಿಸಿ. ಕೊನೆಯ ಪುಟದ 'ನಾವೆಲ್ಲರೂ ಇಂದೇ ಪಣ ತೊಡೋಣ' ಪೂರ್ತಿ ತೆಗೆಯಿರಿ.

ಅರ್ಧದಷ್ಟು ಉದ್ದ ಸಾಕು. ದೀಪಾವಳಿ ಸಂಚಿಕೆಗೆ ಎರಡು ಪುಟ ಹಿಡಿದಿಟ್ಟಿದ್ದೇನೆ. ಗಣಪತಿ ಹಬ್ಬ ಮುಗಿಯುವ ಹೊತ್ತಿಗೆ ಕೈಸೇರಿದರೆ ಚಿತ್ರ ಬರೆಸಲು ಸಮಯ ಸಿಗುತ್ತದೆ. ಅತ್ತೆಯವರ ಹುರುಳಿ ಸಾರಿನ ವಿಧಾನವನ್ನೂ ಜೊತೆಗೆ ಕಳಿಸಿ, ನೆನೆಸುವ ಹೊತ್ತು ಎಷ್ಟು ಅಂತ ಮರೆಯದೆ ಬರೆಯಿರಿ.

ವಿಶ್ವಾಸದಿಂದ,
ಸಂಪಾದಕ